ಕರೆಬಂಡೆಹಟ್ಟಿಯ ಇಪ್ಪತ್ತಮೂರು ಫೋಲ್ಡರುಗಳು

ಯಾವ ಕಾಗದಕ್ಕೂ ಇಂಥದೇ ಜಾಗವೆಂದು ಇರಬೇಕಾಗಿಲ್ಲ ಎಂದು ಸರ್ಕಾರ ತೀರ್ಮಾನಿಸಿ ಹದಿನೆಂಟು ವರ್ಷಗಳಾಗಿದ್ದವು. ಆ ತೀರ್ಮಾನಕ್ಕೆ ಏಕಕೋಶ ಎಂದು ಹೆಸರಿಟ್ಟಿದ್ದರು. ಅದಕ್ಕೆ ಮೊದಲು ಪ್ರತಿಯೊಂದು ಕಚೇರಿಯ ಗಣಕದಲ್ಲಿಯೂ ಫೋಲ್ಡರುಗಳಿದ್ದವು. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಫೈಲು. ಹುಡುಕುವವನಿಗೆ ದಾರಿ ಗೊತ್ತಿರಬೇಕಿತ್ತು. ಇಡುವವನು ಇಟ್ಟ ಜಾಗಕ್ಕೆ ಹೊಣೆಯಾಗಬೇಕಿತ್ತು. ಏಕಕೋಶ ಬಂದ ಮೇಲೆ ದಾರಿಯೂ ಹೋಯಿತು, ಹೊಣೆಯೂ ಹೋಯಿತು. ಎಲ್ಲವನ್ನೂ ಒಂದೇ ರಾಶಿಗೆ ಸುರಿಯಬೇಕು, ಬೇಕಾದಾಗ ಬಾಯಿಬಿಟ್ಟು ಕೇಳಬೇಕು, ಯಂತ್ರ ಉತ್ತರ ಹೇಳುತ್ತದೆ. ಕಾಗದವನ್ನು ತೋರಿಸುವುದಿಲ್ಲ, ಉತ್ತರವನ್ನಷ್ಟೇ ಹೇಳುತ್ತದೆ. ಈ ಅನುಕೂಲಕ್ಕೆ ಜನ ಎಷ್ಟು ಬೇಗ ಒಗ್ಗಿಹೋದರೆಂದರೆ, ಆ ಹದಿನೆಂಟು ವರ್ಷಗಳಲ್ಲಿ ಬೆಳೆದ ಒಂದು ಇಡೀ ಪೀಳಿಗೆಗೆ ಫೋಲ್ಡರು ಎಂಬ ಮಾತಿನ ಅರ್ಥವೇ ತಿಳಿದಿರಲಿಲ್ಲ.

ಓಬಳಮ್ಮನಿಗೆ ತಿಳಿದಿತ್ತು. ತಾಲ್ಲೂಕಿನ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅವಳು ಗಾಜಿನ ಕೊಳವೆಗಳನ್ನು ತೊಳೆಯುವ ಕೆಲಸಕ್ಕೆ ಸೇರಿ, ಬರಬರುತ್ತ ಪರೀಕ್ಷೆಯನ್ನೂ ಕಲಿತವಳು. ಆ ಲ್ಯಾಬಿಗೆ ಒಂದು ವೆಬ್‌ಸೈಟ್ ಇದ್ದ ಕಾಲದಲ್ಲಿ ಅದರ ಪುಟಗಳನ್ನು ತಿದ್ದಿ ಜೋಡಿಸುವ ಕೆಲಸವೂ ಅವಳ ಪಾಲಿಗೇ ಬಂದಿತ್ತು, ಬೇರೆ ಯಾರೂ ಮುಟ್ಟಲೊಲ್ಲದ ಕೆಲಸವಾದ್ದರಿಂದ. ಏಕಕೋಶಕ್ಕೆ ಎಲ್ಲವನ್ನೂ ಸುರಿದಾದ ಮೇಲೆ ಲ್ಯಾಬು ಮುಚ್ಚಿತು. ಓಬಳಮ್ಮ ಮನೆಗೆ ಬಂದಳು.

ಈಗ ಅವಳು ಜಿಲ್ಲಾ ಕೇಂದ್ರದಲ್ಲಿದ್ದ ಏಕಕೋಶದ ನಿಯಂತ್ರಣ ಕೊಠಡಿಯ ಗಾಜಿನ ಕಿಟಕಿಯ ಮುಂದೆ ನಿಂತಿದ್ದಳು. ಕರೆಬಂಡೆಹಟ್ಟಿಯ ಶುದ್ಧ ನೀರಿನ ಘಟಕವನ್ನು ತಿಂಗಳ ಕೊನೆಗೆ ಕಳಚಿ ಬೇರೆಡೆಗೆ ಸಾಗಿಸುವುದಾಗಿ ಹಟ್ಟಿಗೆ ಆದೇಶ ಬಂದಿತ್ತು. ಯಾಕೆ ಎಂದು ಅವಳು ಯಂತ್ರವನ್ನು ಕೇಳಿದಳು. ಯಂತ್ರ ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿತು: ಕರೆಬಂಡೆಹಟ್ಟಿಯ ನೀರಿನಲ್ಲಿ ಫ್ಲೋರೈಡು ಲೀಟರಿಗೆ ಒಂದು ಬಿಂದು ಮೂರು ಮಿಲಿಗ್ರಾಂ, ಮಿತಿ ಒಂದೂವರೆ, ಆದ್ದರಿಂದ ನೀರು ಸುರಕ್ಷಿತ, ಘಟಕ ಅನಗತ್ಯ. ಹಟ್ಟಿಯಲ್ಲಿರುವ ತನ್ನ ಭಾವ ಬೋರಯ್ಯನ ಬಾವಿಯ ವರದಿಯನ್ನು ತೋರಿಸು ಎಂದಳು. ಒಂದು ಬಿಂದು ಮೂರು ಎಂದಿತು. ಹನ್ನೊಂದು ವರ್ಷದ ವರದಿಗಳನ್ನು ಒಂದೊಂದಾಗಿ ತೋರಿಸು ಎಂದಳು. ಒಂದು ಬಿಂದು ಮೂರು ಎಂದಿತು.

ಓಬಳಮ್ಮನ ಕೈಯಿಂದಲೇ ಆ ಬಾವಿಯ ನೀರು ಪರೀಕ್ಷೆಯಾಗಿತ್ತು. ಕೆಂಪು ದ್ರಾವಣದ ಹನಿಗಳನ್ನು ಬಿಟ್ಟರೆ, ಫ್ಲೋರೈಡು ಇದ್ದಷ್ಟೂ ಆ ಕೆಂಪು ಬಿಳಿಚಿಕೊಂಡು ಹಳದಿಗೆ ತಿರುಗುತ್ತದೆ. ಬೋರಯ್ಯನ ಬಾವಿಯ ನೀರು ಒಮ್ಮೆಯೂ ಕೆಂಪಾಗಿ ಉಳಿದಿರಲಿಲ್ಲ. ನಾಲ್ಕು ಬಿಂದು ಆರು ಎಂದು ಅವಳೇ ಬರೆದಿದ್ದಳು.

ಅವಳು ಕಿಟಕಿ ಬಿಟ್ಟು ಕದಲದಿರುವುದನ್ನು ಕಂಡು ಕೊಠಡಿಯ ಮುಖ್ಯಸ್ಥ ಪ್ರಫುಲ್ಲಚಂದ್ರ ಹೊರಗೆ ಬಂದ. ಐವತ್ತರ ಒಳಗಿನ ಮನುಷ್ಯ. ಎಂದೂ ದನಿ ಎತ್ತದವನು. ಒಳಗೆ ಕರೆದು ಕೂರಿಸಿ, ಚಹಾ ತರಿಸಿ, ವಿಷಯವನ್ನು ಮಗುವಿಗೆ ಹೇಳುವಂತೆ ವಿವರಿಸಿದ. ತಾಲ್ಲೂಕಿನ ಮೂರು ಸಾವಿರ ಬಾವಿಗಳಿಗೆ ಒಂದೊಂದು ವರದಿಯ ಕಟ್ಟು ಇತ್ತು. ಎಲ್ಲವೂ ಒಂದೇ ನಮೂನೆ, ಒಂದೇ ಇಲಾಖೆ, ಒಂದೇ ಸಹಿ. ಒಂದೇ ತೆರನಾದ ಕಡತಗಳನ್ನು ಏಕಕೋಶ ಒಂದೇ ಸಲ ಇಟ್ಟುಕೊಳ್ಳುತ್ತದೆ. ಅಂಕಿಗಳಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೆ ಸರಾಸರಿ ತೆಗೆಯುತ್ತದೆ. ಹೀಗಲ್ಲದಿದ್ದರೆ ಇಡೀ ರಾಜ್ಯದ ಕಾಗದವನ್ನು ಇಡುವ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂದು ಅವನು ಕೇಳಿದ.

ನಾಲೆಯ ಪಕ್ಕದ ಊರುಗಳ ಸಿಹಿನೀರನ್ನೂ ಬಂಡೆಯಡಿಯ ಹಟ್ಟಿಗಳ ವಿಷನೀರನ್ನೂ ಒಂದೇ ಕೊಡದಲ್ಲಿ ಬೆರೆಸಿ, ಆ ಕೊಡವನ್ನು ಕಾಗದದ ಮೇಲೆ ಎಲ್ಲರಿಗೂ ಕುಡಿಸಿದ್ದರು. ಆದರೆ ಹೊಟ್ಟೆಗಳನ್ನು ಬೆರೆಸಲು ಯಾರಿಂದಲೂ ಆಗಿರಲಿಲ್ಲ. ಬಂಡೆಯಡಿಯವರು ಬಂಡೆಯಡಿಯ ನೀರನ್ನೇ ಕುಡಿದಿದ್ದರು.

"ಅವು ಒಂದೇ ಕಾಗದದ ಮೂರು ಸಾವಿರ ಪ್ರತಿ ಅಲ್ಲ ಸಾರ್," ಎಂದಳು ಓಬಳಮ್ಮ. "ಮೂರು ಸಾವಿರ ಬಾವಿ."

ಪ್ರಫುಲ್ಲಚಂದ್ರ ನಕ್ಕ. ಆಕ್ಷೇಪಣೆ ಇದ್ದರೆ ಇಪ್ಪತ್ತೆಂಟನೆಯ ತಾರೀಕು ವಿಚಾರಣೆ ಇರುತ್ತದೆ, ಸಾಕ್ಷ್ಯವನ್ನು ಏಕಕೋಶದ ಮೂಲಕ ಸಲ್ಲಿಸಬಹುದು ಎಂದ. ಅದರ ತಪ್ಪನ್ನು ಅದರ ಹೊಟ್ಟೆಯೊಳಗೇ ಹೊಕ್ಕು ತೋರಿಸಬೇಕೇ ಎಂದು ಅವಳು ಕೇಳಿದ್ದಕ್ಕೆ, ನಿಯಮ ಹಾಗಿದೆ ಎಂದು ತನ್ನ ಚಹಾ ಮುಗಿಸಿದ. ಅವಳ ಚಹಾ ಲೋಟದಲ್ಲಿಯೇ ಉಳಿಯಿತು.

ಕರೆಬಂಡೆಹಟ್ಟಿ ವೇದಾವತಿಯ ಆಚೆಗಿನ ಬಯಲಿನಲ್ಲಿ, ಕರಿಯ ಬಂಡೆಯೊಂದರ ನೆರಳಿಗೆ ಇಪ್ಪತ್ತಮೂರು ಮನೆಗಳಾಗಿ ಕೂತಿತ್ತು. ಮನೆಗೊಂದು ಬಾವಿ. ಓಬಳಮ್ಮನ ಅಕ್ಕ ಮಾರಕ್ಕ ಮದುವೆಯಾಗಿ ಇದೇ ಹಟ್ಟಿಗೆ ಬಂದು, ಮೂವತ್ತು ವರ್ಷ ಇದೇ ನೀರು ಕುಡಿದು, ಬೆನ್ನು ಬಾಗಿಸಿಕೊಂಡಿದ್ದಳು. ಅವಳ ಕತ್ತು ಈಗ ಎರಡೂ ಕಡೆಗೆ ತಿರುಗುತ್ತಿರಲಿಲ್ಲ. ಪಕ್ಕದವರನ್ನು ನೋಡಬೇಕಾದರೆ ಇಡೀ ಮೈಯನ್ನು ತಿರುಗಿಸುತ್ತಿದ್ದಳು. ಘಟಕ ಬಂದ ನಾಲ್ಕು ವರ್ಷಗಳಿಂದೀಚೆಗೆ ಹುಟ್ಟಿದ ಮಕ್ಕಳ ಹಲ್ಲು ಮಾತ್ರ ಬೆಳ್ಳಗಿದ್ದವು. ಹಟ್ಟಿಯಲ್ಲಿ ಅಂಥ ಮಕ್ಕಳು ಒಂಬತ್ತು. ಮಾರಕ್ಕನ ಮೊಮ್ಮಗಳು ಒಂಬತ್ತನೆಯದು. ಅವಳಿಗೆ ಎರಡನೆಯ ಹಲ್ಲು ಆಗಷ್ಟೇ ಮೂಡಿತ್ತು.

ತಂಗಿ ಹೇಳಿದ್ದನ್ನೆಲ್ಲ ಕೇಳಿದ ಮಾರಕ್ಕ, ಹಾಗಾದರೆ ನಮ್ಮ ಚೀಟಿಗಳನ್ನು ನಾವೇ ಇಟ್ಟುಕೊಳ್ಳಬೇಕಿತ್ತು ಎಂದಳು. ಪ್ರತಿ ಪರೀಕ್ಷೆಯಾದಾಗಲೂ ಲ್ಯಾಬಿನಿಂದ ಮನೆಗೊಂದು ಚೀಟಿ ಬರುತ್ತಿತ್ತು. ಇಟ್ಟಿದ್ದೇವಲ್ಲ ಎಂದು ಅವಳೇ ನೆನಪು ಮಾಡಿಕೊಂಡು, ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಅಡಕಲು ಗಡಿಗೆಗಳ ಕಡೆಗೆ ಮೈ ತಿರುಗಿಸಿದಳು. ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಎಂದು ಪೇರಿಸಿದ ಮೂರು ಸಾಲು. ಕತ್ತಲೆಯಲ್ಲಿಯೂ ಅವಳ ಕೈ ತಪ್ಪುತ್ತಿರಲಿಲ್ಲ: ಎರಡನೆಯ ಸಾಲು, ಕೆಳಗಿನಿಂದ ನಾಲ್ಕನೆಯದು, ಬೀಜದ ಹುರುಳಿ, ಅದರ ಕೆಳಗಿನದರಲ್ಲಿ ಬಟ್ಟೆಗಂಟು, ಗಂಟಿನಲ್ಲಿ ಹನ್ನೊಂದು ಚೀಟಿಗಳು.

ಓಬಳಮ್ಮ ಆ ಗಡಿಗೆಗಳನ್ನು ಬಹಳ ಹೊತ್ತು ನೋಡಿದಳು. ಓದು ಬಾರದ ತನ್ನ ಅಕ್ಕ ಉಳಿಸಿಕೊಂಡ ಶಿಸ್ತನ್ನು ಓದಿದವರ ಸರ್ಕಾರ ಕಳೆದುಕೊಂಡಿತ್ತು.

ಮುಚ್ಚಿದ ಲ್ಯಾಬಿನಲ್ಲಿ ಹಳೆಯ ಗಣಕವೊಂದು ಧೂಳು ತಿನ್ನುತ್ತಿತ್ತು. ಪುಸ್ತಕದಷ್ಟು ಗಾತ್ರದ ಡಬ್ಬಿ, ಅದಕ್ಕೊಂದು ಪರದೆ. ಏಕಕೋಶಕ್ಕೆ ಸೇರದ, ಯಾವ ಜಾಲಕ್ಕೂ ಅಂಟದ ಯಂತ್ರ. ಅದನ್ನು ತಂದು ಮಾರಕ್ಕನ ಪಡಸಾಲೆಯಲ್ಲಿ ಇಟ್ಟು, ಓಬಳಮ್ಮ ತನ್ನ ಯೋಚನೆಯನ್ನು ಹಟ್ಟಿಯ ಹೆಂಗಸರಿಗೆ ಹೇಳಿದಳು. ಹಟ್ಟಿಯದೇ ಒಂದು ವೆಬ್‌ಸೈಟ್ ಕಟ್ಟೋಣ. ಒಂದೇ ಉತ್ತರ ಹೇಳುವ ಬಾಯಲ್ಲ, ಹಲವು ಪುಟಗಳ ಮನೆ. ಮೊದಲ ಪುಟದಲ್ಲಿ ಹಟ್ಟಿ. ಅಲ್ಲಿಂದ ಒಂದೊಂದು ಬಾವಿಗೆ ಒಂದೊಂದು ಪುಟ. ಬಾವಿಯಿಂದ ವರ್ಷಕ್ಕೆ, ವರ್ಷದಿಂದ ಚೀಟಿಗೆ, ಫೋಟೋಗೆ. ನೋಡುವವರು ತಮ್ಮ ಕಾಲಿಂದಲೇ ನಡೆದು ನೋಡಬೇಕು.

ಹೆಂಗಸರು ಚೀಟಿಗಳ ಫೋಟೋವನ್ನು ಫೋನಿನಲ್ಲಿ ಹಿಡಿದು ತಂದರು. ಬಾವಿಯ ಫೋಟೋ, ಮಕ್ಕಳ ಹಲ್ಲಿನ ಫೋಟೋ, ಮಂಡಿಯ ಎಕ್ಸರೇ. ಫೋನು ಪ್ರತಿ ಚಿತ್ರಕ್ಕೂ ಹೆಸರು ಕೇಳುತ್ತಿತ್ತು, ಅವರು ಬಾಯಲ್ಲಿ ಹೇಳುತ್ತಿದ್ದರು. ಓಬಳಮ್ಮ ಎಲ್ಲವನ್ನೂ ಗಣಕದ ಒಂದೇ ಫೋಲ್ಡರಿಗೆ ಇಳಿಸುತ್ತ ಹೋದಳು. ಮೊದಲು ಸೇರಿಸಿಬಿಡೋಣ, ಆಮೇಲೆ ಜೋಡಿಸೋಣ ಎಂಬ ಆತುರ. ನಡುನಡುವೆ ಗಣಕ ಏನನ್ನೋ ಕೇಳುತ್ತಿತ್ತು, ಅವಳು ಹೌದು, ಹೌದು ಎಂದು ಒತ್ತುತ್ತಿದ್ದಳು. ನಾಲ್ಕು ದಿನಗಳ ಕೆಲಸ ಮುಗಿಸಿ ಫೋಲ್ಡರನ್ನು ತೆರೆದಾಗ, ಅದರಲ್ಲಿ ಬಾವಿಗೂ ಚೀಟಿಗೂ ಸೇರಿ ಫೈಲು ಒಂದೇ ಒಂದು ಇತ್ತು. ಅದರ ಹೆಸರು: ನಮ್ಮನೆಯವರ ಬಾವಿ.

ಹಟ್ಟಿಯ ಬಾವಿಗಳಿಗೆಲ್ಲ ಗಂಡಸರ ಹೆಸರು. ಹಟ್ಟಿಯ ಹೆಂಡತಿಯರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಬೋರಯ್ಯನ ಬಾವಿ ಎಂದು ಮಾರಕ್ಕ ಹೇಗೆ ಹೇಳಿಯಾಳು? ನಮ್ಮನೆಯವರ ಬಾವಿ ಎಂದಿದ್ದಳು. ಇಪ್ಪತ್ತಮೂರು ಹೆಂಗಸರೂ ಹಾಗೆಯೇ ಅಂದಿದ್ದರು. ಅದೇ ಹೆಸರಿನ ಫೈಲು ಈಗಾಗಲೇ ಇದೆ, ಅದರ ಮೇಲೆ ಇದನ್ನು ಇಡಲೇ ಎಂದು ಗಣಕ ಪ್ರತಿ ಸಲವೂ ಕೇಳಿತ್ತು. ಇಡು ಎಂದವಳು ಓಬಳಮ್ಮನೇ.

ಅವಳು ಹಣೆ ಹಿಡಿದುಕೊಂಡು ಕೂತಳು. ಚೀಟಿಗಳಿವೆಯಲ್ಲ, ಮತ್ತೆ ಹಿಡಿದರಾಯಿತು ಎಂದು ಮಾರಕ್ಕ ಸಮಾಧಾನ ಹೇಳುತ್ತಿದ್ದಂತೆ, ಬಾಗಿಲಲ್ಲಿದ್ದ ಚೌಡಮ್ಮನ ಮುಖ ಸಣ್ಣದಾಯಿತು. ಚೌಡಮ್ಮ ಹಟ್ಟಿಯ ಕೊನೆಯ ಮನೆಯವಳು. ಗಂಡ ತೀರಿಕೊಂಡಿದ್ದ, ಮಗಳ ಕಾಲುಗಳು ಮಂಡಿಯಿಂದ ಕೆಳಗೆ ಸೊಟ್ಟಗಾಗಿದ್ದವು.

"ಮಿಷಿನ್‌ಗೆ ಹಾಕಿದ್ದೀನಿ, ಇನ್ನ ಭದ್ರ ಅಂದ್ಯಲ್ಲವ್ವ," ಎಂದಳು. "ಚೀಟಿನ ಒಲೆಗೆ ಹಾಕಿಬಿಟ್ಟೆ."

ಫೋನಿನಲ್ಲಿಯೂ ಉಳಿದಿರಲಿಲ್ಲ, ಫೋನುಗಳು ಹಿಡಿದದ್ದನ್ನು ಸಂಜೆಯೊಳಗೆ ಏಕಕೋಶಕ್ಕೆ ಒಪ್ಪಿಸಿ ತಮ್ಮ ಹೊಟ್ಟೆ ಖಾಲಿ ಮಾಡಿಕೊಳ್ಳುವಂತೆ ಕಾನೂನೇ ಇತ್ತು. ಹನ್ನೊಂದು ಚೀಟಿಗಳಲ್ಲಿ ಹತ್ತು ಬೂದಿಯಾಗಿದ್ದವು. ಒಲೆಯ ಹಿಂದೆ ಬಿದ್ದಿದ್ದ ಒಂದು ಮಾತ್ರ ಸಿಕ್ಕಿತು. ಚೌಡಮ್ಮ ಬೈಯಲಿಲ್ಲ. ಬೈದಿದ್ದರೆ ಓಬಳಮ್ಮನಿಗೆ ಹಗುರವಾಗುತ್ತಿತ್ತು. ಸರ್ಕಾರ ತಾಲ್ಲೂಕಿಗೆ ಮಾಡಿದ್ದನ್ನು ತಾನು ಹಟ್ಟಿಗೆ ಮಾಡಿದ್ದಳು. ಅವರು ಉಳಿತಾಯ ಎಂದಿದ್ದರು, ಇವಳು ಆತುರ ಎಂದಿದ್ದಳು. ಪದ ಬೇರೆ, ಪಾಪ ಒಂದೇ. ಬೇರೆಬೇರೆಯಾಗಿ ಇಡುವ ಶ್ರಮವನ್ನು ತಪ್ಪಿಸಿಕೊಂಡವರೆಲ್ಲ ಕೊನೆಗೆ ಯಾರದಾದರೂ ಮನೆಯನ್ನು ಅಳಿಸಿಯೇ ತೀರುತ್ತಾರೆ.

ಮರುದಿನ ಬೆಳಗ್ಗೆ ಅವಳು ಎಲ್ಲವನ್ನೂ ಮೊದಲಿಂದ ಹಿಡಿದಳು. ಈ ಸಲ ಒಂದು ಫೈಲನ್ನೂ ಮುಟ್ಟುವ ಮೊದಲು, ಮಾರಕ್ಕನ ಅಂಗಳದಲ್ಲಿ ಸುಣ್ಣದ ಕಲ್ಲಿನಿಂದ ಗೆರೆ ಎಳೆದು ಮನೆಯ ನಕ್ಷೆ ಬರೆದಳು. ಮೇಲೆ ಹಟ್ಟಿಯ ದೊಡ್ಡ ಫೋಲ್ಡರು. ಅದರೊಳಗೆ ಇಪ್ಪತ್ತಮೂರು ಫೋಲ್ಡರು. ಪ್ರತಿಯೊಂದರ ಒಳಗೂ ಹನ್ನೊಂದು ವರ್ಷಗಳು. ಚಿತ್ರಗಳಿಗೆ ಬೇರೆ ಜಾಗ, ಚೀಟಿಗಳಿಗೆ ಬೇರೆ ಜಾಗ. ಬೇರೆಬೇರೆ ಫೋಲ್ಡರಿನಲ್ಲಿದ್ದರೆ ಒಂದೇ ಹೆಸರಿನ ಫೈಲುಗಳೂ ಒಂದನ್ನೊಂದು ತಿನ್ನುವುದಿಲ್ಲ ಎಂದು ವಿವರಿಸಿದಳು; ಎರಡು ಮನೆಯಲ್ಲಿ ಇಬ್ಬರು ಓಬಳಮ್ಮಂದಿರು ಇದ್ದ ಹಾಗೆ.

ಆದರೆ ಇಪ್ಪತ್ತಮೂರು ಫೋಲ್ಡರುಗಳಿಗೆ ಹೆಸರು ಏನಿಡುವುದು? ಗಂಡಂದಿರ ಹೆಸರನ್ನು ಕೇಳಿದರೆ ಮತ್ತೆ ಅದೇ ಕಥೆ. ಬಾವಿಯಿಂದ ನೀರು ಸೇದಿದವರು ಯಾರು ಎಂದು ಓಬಳಮ್ಮ ಕೇಳಿದಳು. ನಾವೇ ಎಂದರು. ಹಾಗಾದರೆ ನಿಮ್ಮ ಹೆಸರೇ ಇರಲಿ ಎಂದಳು. ಆಮೇಲೆ ಮಾರಕ್ಕ ಸುಣ್ಣದ ಕಲ್ಲನ್ನು ಇಸಿದುಕೊಂಡು ಬರೆಯಲು ಬಾರದ್ದರಿಂದ ಹೆಸರಿಗೆ ಬದಲಾಗಿ ಮೊದಲ ಚೌಕದಲ್ಲಿ ಕಾಲಿಟ್ಟು ನಿಂತಳು.

ಬೋರಯ್ಯನಿಗೆ ಇದು ಹಿಡಿಸಲಿಲ್ಲ. ಬಾವಿ ತೋಡಿಸಿದವನು ತಾನು, ಕಲ್ಲು ಕಟ್ಟಿದವನು ತಾನು ಎಂದು ಪಡಸಾಲೆಯಲ್ಲಿ ಗೊಣಗಿದ.

"ತೋಡಿದ್ದು ನೀನು, ಬಗ್ಗಿದ್ದು ನನ್ನ ಬೆನ್ನು," ಎಂದಳು ಮಾರಕ್ಕ. "ಯಾವ್ದು ಎದ್ದು ಕಾಣ್ತೈತೆ ಹೇಳು."

ಬೋರಯ್ಯ ನಗುವುದೋ ಸಿಟ್ಟಾಗುವುದೋ ತಿಳಿಯದೆ ದನ ಬಿಡಲು ಹೋದ. ಸಂಜೆ ಬಂದವನು, ತನ್ನ ಫೋಟೋವನ್ನಾದರೂ ಅದರಲ್ಲಿ ಹಾಕುತ್ತೀರೋ ಇಲ್ಲವೋ ಎಂದು ವಿಚಾರಿಸಿದ.

ಎರಡನೆಯ ತೊಂದರೆ ಲಿಂಕುಗಳದು. ಪುಟದಿಂದ ಪುಟಕ್ಕೆ ದಾರಿ ಬರೆಯುವಾಗ ಓಬಳಮ್ಮ ಪ್ರತಿಯೊಂದಕ್ಕೂ ಈ ಗಣಕದ ಹೆಸರಿನಿಂದ ಹಿಡಿದು ಪೂರ್ತಿ ವಿಳಾಸ ಕೊಟ್ಟಿದ್ದಳು. ಇಡೀ ಮನೆಯನ್ನು ಚಿಕ್ಕ ಪೆನ್‌ಡ್ರೈವಿಗೆ ಇಳಿಸಿ ಶಾಲೆಯ ಮೂಲೆಯಲ್ಲಿದ್ದ ಇನ್ನೊಂದು ಹಳೆಯ ಗಣಕಕ್ಕೆ ಹಾಕಿ ನೋಡಿದರೆ, ಪುಟಗಳು ಬಂದವು, ಒಂದು ಚಿತ್ರವೂ ಬರಲಿಲ್ಲ. ಹಲ್ಲುಗಳಿರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಹೊಸ ಗಣಕ ಹಳೆಯ ಗಣಕದ ಮನೆಬಾಗಿಲನ್ನು ಹುಡುಕುತ್ತಿತ್ತು. ಅವಳು ಪ್ರತಿ ದಾರಿಯನ್ನೂ ಅಳಿಸಿ, ಹಟ್ಟಿಯವರು ದಾರಿ ಹೇಳುವಂತೆಯೇ ಬರೆದಳು: ನಿಂತ ಜಾಗದಿಂದ ಒಂದು ಮೆಟ್ಟಿಲು ಮೇಲೆ ಹತ್ತು, ಚಿತ್ರಗಳ ಫೋಲ್ಡರಿಗೆ ಇಳಿ, ಅಲ್ಲಿ ಮೊದಲನೆಯದು. ಸಾವಿರದ ಇನ್ನೂರಕ್ಕೂ ಮೇಲ್ಪಟ್ಟು ಲಿಂಕುಗಳು. ಎಂಟು ದಿನ ಹಿಡಿಯಿತು. ಆಮೇಲೆ ಆ ಮನೆ ಯಾರ ಹಂಗಿನದೂ ಆಗಿರಲಿಲ್ಲ. ಯಾವ ಗಣಕಕ್ಕೆ ಒಯ್ದರೂ ತನ್ನ ಒಳಗಿನ ದಾರಿಗಳನ್ನು ತಾನೇ ಹೊತ್ತುಕೊಂಡು ಹೋಗುತ್ತಿತ್ತು.

ಚೌಡಮ್ಮನ ಫೋಲ್ಡರಿನಲ್ಲಿ ಒಂದು ವರ್ಷ ತುಂಬಿತ್ತು, ಹತ್ತು ಖಾಲಿ ಇದ್ದವು. ಅವನ್ನು ತೆಗೆದುಬಿಟ್ಟರೆ ನೋಡಲು ಚೆನ್ನಾಗಿರುತ್ತದೆ ಎಂದು ಯಾರೋ ಅಂದರು. ಓಬಳಮ್ಮ ತೆಗೆಯಲಿಲ್ಲ. ಹತ್ತು ಫೋಲ್ಡರಿನಲ್ಲಿಯೂ ಒಂದೊಂದು ಪುಟವಿಟ್ಟು, ಈ ವರ್ಷದ ಚೀಟಿ ಓಬಳಮ್ಮನ ತಪ್ಪಿನಿಂದ ನಾಶವಾಯಿತು ಎಂದು ಬರೆದಳು.

ಇಪ್ಪತ್ತೈದನೆಯ ತಾರೀಕು ಪ್ರಫುಲ್ಲಚಂದ್ರ ತಾನೇ ಕಾರಿನಲ್ಲಿ ಹಟ್ಟಿಗೆ ಬಂದ. ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಮಾರಕ್ಕನ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು, ಪರದೆಯ ಮೇಲೆ ಪುಟಗಳನ್ನು ಒಂದೊಂದಾಗಿ ತೆರೆದು ನೋಡಿದ. ಕೆಲಸ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿದ. ಮೆಚ್ಚಿಗೆ ನಿಜವಾದದ್ದೇ ಆಗಿತ್ತು. ಆಮೇಲೆ ತಾನು ಬಂದ ವಿಷಯ ಹೇಳಿದ. ವಿಚಾರಣೆ ಯಾಕೆ? ಈ ಪುಟಗಳನ್ನೆಲ್ಲ ಏಕಕೋಶಕ್ಕೆ ಸುರಿದು ಈ ಡಬ್ಬಿಯನ್ನು ಅಳಿಸಿಬಿಟ್ಟರೆ, ಕರೆಬಂಡೆಹಟ್ಟಿಗೆ ವಿಶೇಷ ಗುರುತು ಹಾಕಿಸಿ ಘಟಕ ಇಲ್ಲಿಯೇ ಉಳಿಯುವಂತೆ ಮಾಡುವುದು ತನ್ನ ಹೊಣೆ. ಬರೆದುಕೊಡಲೂ ಸಿದ್ಧ. ನಾಳೆ ಸಂಜೆಯೊಳಗೆ ತಿಳಿಸಿ ಎಂದು ಹೊರಟ.

ಅವನು ಹೋದ ಮೇಲೆ ಪಡಸಾಲೆ ಎರಡಾಯಿತು. ನಮಗೆ ಬೇಕಾಗಿದ್ದು ನೀರು, ಅದು ಸಿಕ್ಕಿತಲ್ಲ, ಇನ್ನು ಈ ಪುಟಗಳನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಬೋರಯ್ಯ ಕೇಳಿದ. ಅದು ಮೂರ್ಖನ ಪ್ರಶ್ನೆಯಾಗಿರಲಿಲ್ಲ. ಓಬಳಮ್ಮ ತೊಟ್ಟಿಲ ಕಡೆಗೆ ನೋಡಿದಳು. ತೊಟ್ಟಿಲಲ್ಲಿ ಎರಡು ಹಲ್ಲಿನ ಮಗು ಮಲಗಿತ್ತು. ತನ್ನ ಹಟಕ್ಕಾಗಿ ಆ ಮಗುವಿನ ನೀರನ್ನು ಪಣಕ್ಕಿಡುವ ಹಕ್ಕು ತನಗಿದೆಯೇ? ಇಲ್ಲ. ಆದ್ದರಿಂದ ಅವಳು ತಾನು ಹೇಳದೆ ಇಪ್ಪತ್ತಮೂರು ಜನರನ್ನೂ ಕರೆಸಿ, ಎರಡೂ ಮಾತನ್ನು ಇದ್ದಂತೆ ಇಟ್ಟು, ತೀರ್ಮಾನವನ್ನು ಅವರಿಗೇ ಬಿಟ್ಟಳು.

ಮೊದಲು ಮಾತಾಡಿದವಳು ಚೌಡಮ್ಮ.

"ಗುರುತು ಹಾಕ್ತಾರಂತೆ. ಎಲ್ಲಿ ಹಾಕ್ತಾರೆ? ಅದ್ರೊಳಗೇ ತಾನೆ," ಎಂದಳು. "ನನ್ನ ಹತ್ತು ವರ್ಷ ಹೋದದ್ದು ಒಂದ್ಸಲ ನಂಬಿ. ಇನ್ನೊಂದ್ಸಲ ನಂಬಾಕೆ ನನ್ನ ತಾವ ಏನೂ ಉಳಿದಿಲ್ಲ."

ಮಾರಕ್ಕ ಇಡೀ ಮೈಯನ್ನು ತಂಗಿಯ ಕಡೆಗೆ ತಿರುಗಿಸಿ, ಇಪ್ಪತ್ತೆಂಟಕ್ಕೆ ತಾನೂ ಬರುವುದಾಗಿ ಹೇಳಿದಳು.

ವಿಚಾರಣೆಯ ಸಭಾಂಗಣ ನಿಯಂತ್ರಣ ಕೊಠಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಏಕಕೋಶದ ಪರದೆ. ವಿಚಾರಣಾಧಿಕಾರಿ ಹೇಮಾಕ್ಷಿ ಎಂಬವರು. ನಿವೃತ್ತಿಗೆ ಕೆಲವೇ ತಿಂಗಳುಗಳಿದ್ದ, ಮಾತು ಕಡಿಮೆಯ ಮಹಿಳೆ. ಓಬಳಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟಾಗ, ಸಾಕ್ಷ್ಯ ಏಕಕೋಶದ ಮೂಲಕವೇ ಬರಬೇಕೆಂಬ ನಿಯಮವನ್ನು ಪ್ರಫುಲ್ಲಚಂದ್ರ ವಿನಯದಿಂದ ನೆನಪಿಸಿದ. ಈ ವಸ್ತುವನ್ನು ಏಕಕೋಶ ಓದಲಾರದು ಎಂದ.

"ಅದು ಓದೋದು ಬ್ಯಾಡ ಸಾರ್," ಎಂದಳು ಓಬಳಮ್ಮ. "ಮೇಡಂ ಅವರು ಓದ್ಲಿ ಅಂತ ತಂದಿದ್ದೀನಿ."

ಹೇಮಾಕ್ಷಿಯವರು ಕನ್ನಡಕ ಹಾಕಿಕೊಂಡು ತಾವೇ ಪರದೆಯ ಮುಂದೆ ಬಂದು ಕೂತರು. ಮೊದಲ ಪುಟದಲ್ಲಿ ಹಟ್ಟಿಯ ಹೆಸರು, ಅದರ ಕೆಳಗೆ ಇಪ್ಪತ್ತಮೂರು ಹೆಂಗಸರ ಹೆಸರುಗಳು. ಮಾರಕ್ಕನ ಹೆಸರನ್ನು ಒತ್ತಿದರು. ಬಾವಿ ಬಂತು, ಪಕ್ಕದಲ್ಲಿ ಬೋರಯ್ಯನ ಫೋಟೋ. ಒಂದು ವರ್ಷವನ್ನು ಒತ್ತಿದರು. ಚೀಟಿ ಬಂತು, ನಾಲ್ಕು ಬಿಂದು ಆರು. ಹಿಂದಕ್ಕೆ ಬಂದು ಇನ್ನೊಂದು ವರ್ಷ. ನಾಲ್ಕು ಬಿಂದು ನಾಲ್ಕು. ಬೆನ್ನಿನ ಎಕ್ಸರೇ. ಅವರು ತಲೆಯೆತ್ತಿ, ಕುರ್ಚಿಯ ಅಂಚಿನಲ್ಲಿ ಕೂತಿದ್ದ ಮಾರಕ್ಕನನ್ನು ಒಮ್ಮೆ ನೋಡಿದರು. ಮತ್ತೆ ಪರದೆಗೆ ತಿರುಗಿ ಇನ್ನೊಬ್ಬಳ ಬಾವಿಗೆ ಹೋದರು, ಮತ್ತೊಬ್ಬಳ ಬಾವಿಗೆ ಹೋದರು. ಯಾರೂ ದಾರಿ ತೋರಿಸಬೇಕಾಗಲಿಲ್ಲ. ಮುಕ್ಕಾಲು ಗಂಟೆ ಹೀಗೆಯೇ ಗುಂಡಿ ಒತ್ತುತ್ತ ಹೋದರು.

ಚೌಡಮ್ಮನ ಫೋಲ್ಡರಿಗೆ ಬಂದಾಗ ಅವರ ಕೈ ನಿಂತಿತು. ಒಂದಾದ ಮೇಲೊಂದು ಹತ್ತು ಖಾಲಿ ವರ್ಷಗಳು, ಹತ್ತರಲ್ಲಿಯೂ ಒಂದೇ ಸಾಲು. ಇದೇನು ಎಂದು ಕೇಳಿದರು. ಪ್ರಫುಲ್ಲಚಂದ್ರ ಕಾಯುತ್ತಿದ್ದದ್ದು ಇದಕ್ಕೇ. ದಾಖಲೆ ಅಪೂರ್ಣ ಎಂದು ಅರ್ಜಿದಾರರೇ ಒಪ್ಪಿಕೊಂಡಿದ್ದಾರೆ, ಏಕಕೋಶದಲ್ಲಿ ಇಂಥದೊಂದು ಖಾಲಿ ಜಾಗ ಎಲ್ಲಿಯೂ ಸಿಗುವುದಿಲ್ಲ ಎಂದ.

ಓಬಳಮ್ಮ ಎದ್ದು ನಿಂತಳು.

"ನಿಜ ಸಾರ್. ನಿಮ್ಮಲ್ಲಿ ಸಿಗಲ್ಲ. ನಾನು ಕಳೆದೆ, ಕಳೆದದ್ದು ಇಂಥವರದು, ಇಂಥ ವರ್ಷದ್ದು ಅಂತ ಹೇಳಾಕೆ ನಮ್ಮಲ್ಲಿ ಜಾಗ ಐತೆ. ನೀವು ಮೂರು ಸಾವಿರ ಕಳೆದಿದ್ದೀರಿ. ಎಲ್ಲಿ ಬರೆದಿದ್ದೀರಿ, ತೋರಿಸಿ."

ಪ್ರಫುಲ್ಲಚಂದ್ರ ಏನೋ ಹೇಳಹೊರಟ. ಹೇಮಾಕ್ಷಿಯವರು ಕೈಯೆತ್ತಿ ತಡೆದು, ಗೋಡೆಯ ಪರದೆಯನ್ನು ತಾವೇ ಪ್ರಶ್ನಿಸಿದರು. ಮಾರಕ್ಕನ ಬಾವಿಯ ಫ್ಲೋರೈಡು ಎಷ್ಟು? ಒಂದು ಬಿಂದು ಮೂರು, ಸುರಕ್ಷಿತ. ಚೌಡಮ್ಮನ ಬಾವಿ? ಒಂದು ಬಿಂದು ಮೂರು, ಸುರಕ್ಷಿತ. ಅವರು ಸ್ವಲ್ಪ ಯೋಚಿಸಿ, ಕರೆಬಂಡೆಹಟ್ಟಿಯ ಹೇಮಾಕ್ಷಿಯ ಬಾವಿ ಎಂದರು. ಪರದೆ ಕ್ಷಣವೂ ತಡೆಯಲಿಲ್ಲ. ಒಂದು ಬಿಂದು ಮೂರು, ಸುರಕ್ಷಿತ ಎಂದಿತು.

ಹಿಂದಿನ ಸಾಲಿನಲ್ಲಿ ಕೂತಿದ್ದ ಗುಮಾಸ್ತರಲ್ಲಿ ಒಬ್ಬರು ನಕ್ಕುಬಿಟ್ಟರು. ಹೇಮಾಕ್ಷಿಯವರು ನಗಲಿಲ್ಲ.

"ನನಗೆ ಬಾವಿಯೇ ಇಲ್ಲ, ಪ್ರಫುಲ್ಲಚಂದ್ರ ಅವರೇ," ಎಂದರು.

ಆದೇಶವನ್ನು ಅವರು ಯಂತ್ರಕ್ಕೆ ಹೇಳಲಿಲ್ಲ. ಹಾಳೆ ತರಿಸಿ ಕೈಯಲ್ಲಿ ಬರೆದರು. ಕರೆಬಂಡೆಹಟ್ಟಿಯ ಘಟಕವನ್ನು ತೆಗೆಯತಕ್ಕದ್ದಲ್ಲ. ಹಟ್ಟಿಯ ಪುಟಗಳ ಒಂದು ಪ್ರತಿಯನ್ನು ಇದ್ದ ಜೋಡಣೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು, ಯಾವುದರೊಂದಿಗೂ ಬೆರೆಸತಕ್ಕದ್ದಲ್ಲ. ಅಲ್ಲಿಗೆ ಲೇಖನಿ ನಿಂತಿತು. ತಾಲ್ಲೂಕಿನಲ್ಲಿ ಘಟಕ ಕಳಚುವ ಆದೇಶ ಹೋದ ಹಟ್ಟಿಗಳು ಇನ್ನೂ ನಲವತ್ತಿವೆ ಎಂದರು. ಅವರ ಬಾವಿಗಳ ದಾಖಲೆ ತಮ್ಮ ಮುಂದೆ ಇಲ್ಲದಿರುವಾಗ ತಾವು ಅವರ ಬಗ್ಗೆ ಏನನ್ನೂ ಬರೆಯಲಾಗದು. ಹೆಚ್ಚೆಂದರೆ ತೊಂಬತ್ತು ದಿನ ತಡೆಹಿಡಿಯಬಹುದು. ಅಷ್ಟರೊಳಗೆ ಇದೇ ರೀತಿ ಬಿಡಿಬಿಡಿಯಾಗಿ ಬಂದರೆ ನೋಡುತ್ತೇನೆ ಎಂದು ಸಹಿ ಹಾಕಿದರು.

ಮೆಟ್ಟಿಲಿಳಿಯುವಾಗ ಪ್ರಫುಲ್ಲಚಂದ್ರ ಜೊತೆಗೂಡಿದ. ಸೋತ ಕಹಿ ಅವನ ಮುಖದಲ್ಲಿರಲಿಲ್ಲ, ನಿಜವಾದ ಸಂದೇಹವಿತ್ತು. ರಾಜ್ಯದಲ್ಲಿ ಮೂರೂವರೆ ಲಕ್ಷ ಬಾವಿಗಳಿವೆ ಎಂದ. ಬಾವಿಯಂತೆಯೇ ಭೂಮಿ, ಶಾಲೆ, ಆಸ್ಪತ್ರೆ. ಎಲ್ಲಕ್ಕೂ ಹೀಗೆ ಒಂದೊಂದು ಗೂಡು ಮಾಡಿ ಕೂರಲು ಯಾರಿಂದ ಸಾಧ್ಯ ಎಂದು ಕೇಳಿದ.

"ಬೆರೆಸೋದು ಸುಲಭ ಅಂತ ಬೆರೆಸಿದ್ರಿ," ಎಂದಳು ಓಬಳಮ್ಮ. "ಕಷ್ಟ ಅಂತ ನಾವು ಬಿಡಲ್ಲ ಸಾರ್."

ಮಧ್ಯಾಹ್ನದ ಬಸ್ಸು ಖಾಲಿ ಇತ್ತು. ಮಾರಕ್ಕ ಕಿಟಕಿಯ ಪಕ್ಕದಲ್ಲಿ ಕೂತು, ಊರಿಗೆ ಹೋದ ಮೇಲೆ ಯಾರು ಯಾರಿಗೆ ಏನು ಹೇಳಬೇಕೆಂದು ಸಂತೋಷದಿಂದ ಮಾತಾಡುತ್ತಲೇ ಇದ್ದಳು. ಓಬಳಮ್ಮ ಕಿಟಕಿಯಾಚೆ ಹಾದುಹೋಗುವ ಹಟ್ಟಿಗಳನ್ನು ನೋಡುತ್ತಿದ್ದಳು. ಹತ್ತು ಮನೆಯದೊಂದು, ಮೂವತ್ತು ಮನೆಯದೊಂದು. ಪ್ರತಿ ಮನೆಯ ಹಿಂದೆಯೂ ಒಂದು ಬಾವಿಯ ಕಟ್ಟೆ. ನಲವತ್ತು ಹಟ್ಟಿ, ತೊಂಬತ್ತು ದಿನ. ಒಂದು ಹಟ್ಟಿಗೆ ಎರಡು ದಿನ ಮತ್ತು ಸ್ವಲ್ಪ. ಮೊದಲಿನದಕ್ಕೆ ಇಪ್ಪತ್ತು ದಿನ ಹಿಡಿದಿತ್ತು. ಆದರೆ ಈಗ ಒಬ್ಬಳಲ್ಲ, ಇಪ್ಪತ್ತನಾಲ್ಕು ಜನ.

ಆ ನಲವತ್ತರಲ್ಲಿ ಒಂದಾದ ಜಾಲಿಹಟ್ಟಿಯ ನಿಲ್ದಾಣ ಬಂದಾಗ ಅವಳು ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದಳು. ನಮ್ಮೂರು ಇನ್ನೂ ಮುಂದಿದೆ ಎಂದಳು ಮಾರಕ್ಕ. ಗೊತ್ತು ಎಂದಳು ಓಬಳಮ್ಮ. ನಾಳೆ ಬೆಳಗ್ಗೆ ಚೌಡಮ್ಮನನ್ನೂ ಇನ್ನಿಬ್ಬರನ್ನೂ ಇಲ್ಲಿಗೆ ಕಳಿಸು, ಸುಣ್ಣದ ಕಲ್ಲು ತರಲಿ ಎಂದು ಹೇಳಿ ಇಳಿದಳು. ಜಾಲಿಮರಗಳಾಚೆ ಅವಳಿಗೆ ಗುರುತಿಲ್ಲದ ಮನೆಗಳಿದ್ದವು, ಗುರುತಿಲ್ಲದ ಹೆಂಗಸರು ಬಿಂದಿಗೆ ಹಿಡಿದು ನಿಂತು ನೋಡುತ್ತಿದ್ದರು.

ಬಸ್ಸು ಹೊರಡುವ ಮೊದಲು ಮಾರಕ್ಕ ಕಿಟಕಿಯಿಂದ ಕೈ ಚಾಚಿ, ತಮ್ಮ ಹಟ್ಟಿಯ ಘಟಕದಿಂದ ತುಂಬಿಸಿ ತಂದಿದ್ದ ಬಾಟಲಿಯನ್ನು ತಂಗಿಯ ಕೈಗೆ ತುರುಕಿದಳು.

"ಇದನ್ನೇ ಕುಡಿ," ಎಂದಳು. "ಇವರ ನೀರು ಬಾಯಿಗೆ ಹಾಕಬ್ಯಾಡ. ಅದ್ರ ಚೀಟಿ ಇನ್ನ ನಾವು ನೋಡಿಲ್ಲ."